ಬಚ್ಚಿಟ್ಟ ಅರಿವು

ಜೂನ್ ೧೨, ಶುಕ್ರವಾರ

ಪ್ರೀತಿಯ ಚಿನ್ನಿಗೆ,

ಪ್ರಭುವಿನ ಕೃಪೆಯಿಂದ ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪನ ಮಂಡಿ ನೋವು ಮಾತ್ರ ಹಾಗೇ ಇದೆ, ಡಾಕ್ಟರ ಮೇಲಿನ ಅವರ ಗೊಣಗಾಟವೂ ಹಾಗೇ ಇದೆ. ನಿನ್ನ ಕಾಗದ ಬಂದು ಐದು ವಾರವಾಯಿತು. ಅಮ್ಮ ಮರೆತಳು ಅಂದುಕೊಳ್ಳಬೇಡ. ಮೂರು ಸಲ ಬರೆಯಲು ಕೂತು ಮೂರು ಸಲವೂ ಹರಿದು ಹಾಕಿದೆ.

ನಿಮ್ಮ ಚರ್ಚಿನ ಸಭೆಯವರು ಮಕ್ಕಳಿಗೆ ಬೈಬಲ್ ವಾಕ್ಯ ಕಲಿಸು ಎಂದು ನಿನ್ನನ್ನು ಕೇಳಿದರು, ನೀನು ಒಲ್ಲೆ ಅಂದೆ ಎಂದು ಬರೆದಿದ್ದೀಯ. “ನನಗೇನು ತಿಳೀತದೆ ಅಂತ ಇನ್ನೊಬ್ಬರಿಗೆ ಹೇಳ್ಲಿ ಅಮ್ಮಾ” ಅಂದಿದ್ದೀಯ. ಓದಿ ನಗು ಬಂತು. ಥೇಟ್ ನನ್ನ ಮಾತು! ಏಳನೇ ಕ್ಲಾಸಿಗೆ ಓದು ಬಿಟ್ಟವಳು, ಆಸ್ಪತ್ರೆಯ ಲಾಂಡ್ರಿಯಲ್ಲಿ ಹರಿದ ಬೆಡ್‌ಶೀಟು ಹೊಲಿಯುವವಳು, ನಾನ್ಯಾವ ಪಂಡಿತೆ ಎಂದು ಮೂವತ್ತು ವರ್ಷ ಹೇಳಿಕೊಂಡು ಬಂದೆ. ಆದರೆ ನಿನಗೊಂದು ನಿಜ ಹೇಳುತ್ತೇನೆ. ಸುವಾರ್ತೆ ಓದುವಾಗ ಅರ್ಥ ನನಗೆ ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು. ಅದಕ್ಕಾಗಿ ನಾನು ತಿಣುಕಿದ್ದಿಲ್ಲ. ಕೊಟ್ಟವನು ಕೊಟ್ಟ. ನಾನು ಅದನ್ನು ಮಡಚಿ ಎದೆಯೊಳಗೆ ಇಟ್ಟುಕೊಂಡು, ವಿನಯ ಎಂದು ಅದಕ್ಕೊಂದು ಒಳ್ಳೆಯ ಹೆಸರಿಟ್ಟೆ.

ಈಗ ನಡೆದದ್ದು ಕೇಳು. ನಮ್ಮ ಗುಂಡಣ್ಣ ನಿನಗೆ ಗೊತ್ತಲ್ಲ, ಬಟ್ಟೆ ಇಸ್ತ್ರಿಯಾಗುವ ದೊಡ್ಡ ರೋಲರ್ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದವನು, ಆರಾಧನೆಯಲ್ಲಿ ಎಲ್ಲರಿಗಿಂತ ಒಂದು ಸಾಲು ಮುಂದೆ ಹಾಡಿಬಿಡುವವನು. ಮಾರ್ಚಿನಲ್ಲಿ ಆ ರೋಲರಿಗೆ ಅವನ ಬಲಗೈ ಸಿಕ್ಕಿತು. ಮೂರು ಬೆರಳು ಹೋದವು. ಕೈ ಒಳಗೆ ಹೋಗದಂತೆ ತಡೆಯುವ ಹಲಗೆ ಎರಡು ತಿಂಗಳಿಂದ ಮುರಿದಿತ್ತು. ಎಲ್ಲರಿಗೂ ಗೊತ್ತಿತ್ತು, ಯಾರೂ ಹಾಕಿಸಿರಲಿಲ್ಲ.

ಅವನು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ಶನಿವಾರ ಮಧ್ಯಾಹ್ನ ನಾವೆಲ್ಲ ಪ್ರಾರ್ಥನೆಗೆ ಹೋದೆವು. ಸಭೆಯ ಹಿರಿಯರೂ ಬಂದಿದ್ದರು. ಅದೇ, ಗಡಿಯಾರ ರಿಪೇರಿ ಅಂಗಡಿಯವರು. ಕೆಟ್ಟವರಲ್ಲ. ಕಾಯಿಲೆಯವರನ್ನು ನೋಡಲು ಮೊದಲು ಓಡುವವರೇ ಅವರು. ಆದರೆ ಅವತ್ತು ಗುಂಡಣ್ಣನ ಭುಜ ಹಿಡಿದು, “ಒಳಗೇನೋ ಮುಚ್ಚಿಟ್ಟಿದೀಯ. ದೇವರು ಸುಮ್‌ಸುಮ್ನೆ ಹೊಡೆಯಲ್ಲ. ಪಾಪ ಅರಿಕೆ ಮಾಡ್ಕೋ” ಅಂದರು.

ಚಿನ್ನಿ, ಅವನು ಹುಡುಕತೊಡಗಿದ. ಅಷ್ಟು ದಪ್ಪ ಮನುಷ್ಯ ಕುರ್ಚಿಯಲ್ಲಿ ಕುಗ್ಗಿ ಹೋಗಿ, “ಜನವರೀಲಿ ಜ್ವರ ಅಂತ ಸುಳ್ಳು ಹೇಳಿ ರಜ ಹಾಕಿದ್ದೆ… ಅದಿರಬಹುದಾ? ಭಾವನ ಜತೆ ಮಾತು ಬಿಟ್ಟಿದ್ದೆ… ಅದಿರಬಹುದಾ?” ಎಂದು ಒಂದೊಂದಾಗಿ ಹೇಳುತ್ತಿದ್ದ. ಅವನ ಹೆಂಡತಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದಳು.

ನಾನು ಎದ್ದು ನಿಂತೆ.

“ಅಯ್ಯಾ, ಹುಟ್ಟುಕುರುಡನ್ನ ತೋರಿಸಿ ಶಿಷ್ಯರೂ ಇದನ್ನೇ ಕೇಳಿದ್ರಲ್ಲ, ಯಾರ ಪಾಪ ಅಂತ. ಯೇಸುಸ್ವಾಮಿ ಏನಂದ್ರು? ಇವನದೂ ಅಲ್ಲ, ಹೆತ್ತವರದೂ ಅಲ್ಲ ಅಂದ್ರು. ಗುರುವೇ ಒಪ್ಪದೆ ಇದ್ದಿದ್ದನ್ನ ನಾವು ಇವನ ತಲೆಗೆ ಯಾಕೆ ಕಟ್ಟೋದು? ಇವನ ಪಾಪ ಆಮೇಲೆ ಹುಡುಕೋಣ. ಮೊದಲು ಆ ಹಲಗೆ ಹಾಕಿಸೋಣ, ಇನ್ನೊಬ್ಬನ ಕೈ ಹೋಗೋದಕ್ಕೆ ಮುಂಚೆ.”

ಹಿರಿಯರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಗುಂಡಣ್ಣ ಮಾತ್ರ ಎಡಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ, ಚೆನ್ನಾಗಿ ಅತ್ತ. ಅತ್ತು ಮುಗಿಸಿ, “ಅಕ್ಕಾ, ಚಹಾ ಆರ್ತಾ ಇದೆ, ಕುಡೀರಿ” ಅಂದ.

ಭಾನುವಾರ ಪಾಸ್ಟರ್ ನನ್ನನ್ನು ಒಳಕೋಣೆಗೆ ಕರೆದರು. “ಹಿರಿಯರಿಗೆ ಎದುರಾಡಿದ್ರಂತೆ?”

“ಎದುರಾಡ್ಲಿಲ್ಲ ಅಯ್ಯನವರೇ. ಬೆನ್ನ ಹಿಂದೆ ಆಡಬಾರದು ಅಂತ ಎದುರಿಗೇ ಹೇಳಿದೆ.”

ಅವರು ನಕ್ಕುಬಿಟ್ಟರು. ಆಮೇಲೆ ನಗು ನಿಲ್ಲಿಸಿ, “ಇಷ್ಟು ವರ್ಷ ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ?” ಅಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು. ಅವರಿಗೆ ಹೇಳಲಿಲ್ಲ.

ಲಾಂಡ್ರಿಯಲ್ಲಿ ನಾವು ಹನ್ನೊಂದು ಜನ ಸಹಿ ಹಾಕಿ ಅರ್ಜಿ ಕೊಟ್ಟೆವು. ಎರಡೇ ವಾರದಲ್ಲಿ ಹೊಸ ಹಲಗೆ ಬಂತು. ಗುಂಡಣ್ಣ ಈಗ ಬಟ್ಟೆ ಎಣಿಸುವ ಮೇಜಿಗೆ ಬಂದಿದ್ದಾನೆ. ಹಾಡಿನಲ್ಲಿ ಇನ್ನೂ ಒಂದು ಸಾಲು ಮುಂದೆಯೇ ಇದ್ದಾನೆ! ಪಾಸ್ಟರ್ ಕೇಳಿದ್ದಕ್ಕೆ ಈಗ ಪ್ರತಿ ಗುರುವಾರ ಸಂಜೆ ಸಭೆಯಲ್ಲಿ ನಾನು ವಾಕ್ಯ ವಿವರಿಸುತ್ತೇನೆ. ಹೋದ ವಾರ ಹಿರಿಯರೂ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಕೊನೆಗೆ, “ಪಾಪಕ್ಕಲ್ಲ ಅಂದ್ರೆ ಮತ್ತೆ ಕಷ್ಟ ಯಾಕಮ್ಮ ಬರುತ್ತೆ?” ಎಂದು ಕೇಳಿದರು. ಕುಹಕವಿರಲಿಲ್ಲ, ನಿಜವಾಗಿ ಕೇಳಿದರು.

“ಗೊತ್ತಿಲ್ಲ ಅಯ್ಯಾ. ಅಷ್ಟನ್ನ ನನಗೆ ಕೊಟ್ಟಿಲ್ಲ” ಅಂದೆ. ಅವರು ಒಪ್ಪಿ ತಲೆಯಾಡಿಸಿದರು. ಈ ವಾರವೂ ಬಂದಿದ್ದರು.

ನಿನಗೆ ನಾನು ಹೇಳುವುದೂ ಅಷ್ಟೇ ಮಗಳೇ. ಎಲ್ಲ ತಿಳಿದ ಮೇಲೆ ಕಲಿಸುತ್ತೇನೆಂದರೆ ಯಾರೂ ಕಲಿಸಲಾರರು. ತಿಳಿದಷ್ಟು ನಮ್ಮ ಸ್ವಂತದ್ದಲ್ಲ, ಕೊಡುಗೆ. ಪಕ್ಕದಲ್ಲಿರುವವನಿಗೆ ಅದು ಬೇಕಾದ ಗಳಿಗೆಯಲ್ಲಿ ಕೊಡಲೇಬೇಕು. ಆ ಮಕ್ಕಳ ಮುಂದೆ ಹೋಗಿ ಕೂತುಕೋ. ಗೊತ್ತಿದ್ದನ್ನು ಹೇಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನು.

ನಿನ್ನನ್ನು ಹೆತ್ತ ಹೊಟ್ಟೆ ತಂಪಾಗಿದೆ ಕಣೇ. ಕರ್ತನು ನಿನ್ನ ಹೋಗುವಿಕೆ ಬರುವಿಕೆಯಲ್ಲಿ ಜೊತೆಗಿರಲಿ. ಅಳಿಯಂದಿರಿಗೆ ನಮ್ಮ ಆಶೀರ್ವಾದ ತಿಳಿಸು.

ನಿನ್ನ ಅಮ್ಮ

ಮರೆತ ಮಾತು: ಮರೆತದ್ದೇನಲ್ಲ. ಮೂರು ಕಾಗದ ಹರಿದದ್ದು ಇದನ್ನು ಬರೆಯಲಾರದೆ. ನಿನ್ನ ತಮ್ಮ ತೀರಿಕೊಂಡ ದಿನ ನಿನಗೆ ಒಂಬತ್ತು ವರ್ಷ. ನಾನು ಬೀರುವಿನ ಮುಂದೆ ಅವನ ಅಂಗಿಗಳನ್ನು ಮಡಚುತ್ತಿದ್ದೆ. ನಿಮ್ಮ ಸೋದರತ್ತೆ ನಿನ್ನನ್ನು ಹತ್ತಿರ ಕರೆದು, “ರಾತ್ರಿ ತಮ್ಮನಿಗೋಸ್ಕರ ಪ್ರಾರ್ಥನೆ ಮಾಡ್ತಾ ಮಾಡ್ತಾ ನಿದ್ದೆ ಹೋದೆಯಲ್ಲ, ಅದಕ್ಕೇ ದೇವರು ಪಾಪೂನ ಕರ್ಕೊಂಡ್ರು” ಅಂದಳು. ನೀನು ತಿರುಗಿ ನನ್ನ ಕಡೆ ನೋಡಿದೆ. ನೋಡಿದ್ದು ನನಗೆ ತಿಳಿಯಿತು. ನಾನು ತಿರುಗಲಿಲ್ಲ, ಇನ್ನೊಂದು ಅಂಗಿ ಎತ್ತಿಕೊಂಡೆ. ಅವಳು ಹೇಳಿದ್ದು ಸುಳ್ಳೆಂದು ನನಗೆ ಆಗಲೇ ಗೊತ್ತಿತ್ತು. ಇಂದು ಗೊತ್ತಿರುವಷ್ಟೇ ಸ್ಪಷ್ಟವಾಗಿ ಗೊತ್ತಿತ್ತು. ನೀನು ಮಗು, ನಿದ್ದೆ ಬಂತು, ಮಲಗಿದೆ. ನಿನ್ನ ತಪ್ಪೇನೂ ಇರಲಿಲ್ಲ ಚಿನ್ನಿ. ತಪ್ಪು ಸುಮ್ಮನಿದ್ದ ನನ್ನದು.