ಗೇಟಿನ ಪುಸ್ತಕದಲ್ಲಿ ಇಬ್ಬರು

ಅಕ್ಕಾ,

ನಿನ್ನೆ ಕಾಡಿನ ಗೇಟಿನಲ್ಲಿ ಗಾರ್ಡ್ ನನ್ನನ್ನು ಹೊರಗೆ ಬಿಡಲಿಲ್ಲ. ಒಳಗೆ ಹೋಗುವಾಗ ಪುಸ್ತಕದಲ್ಲಿ ಎಂದಿನ ರೂಢಿಯಂತೆ "ಇಬ್ಬರು" ಎಂದು ಬರೆದುಬಿಟ್ಟಿದ್ದೆ.

"ಇನ್ನೊಬ್ರು ಎಲ್ಲಮ್ಮಾ? ಹುಡುಕೋಕೆ ಜನ ಕಳಿಸ್ಲಾ?" ಎಂದ.

ಒಬ್ಬಳೇ ಬಂದಿದ್ದೆ ಎಂದರೆ ನಂಬಬೇಕಲ್ಲ! ಬ್ಯಾಗ್ ಬಿಚ್ಚಿಸಿದ. ಎರಡು ಲೋಟ, ಎರಡು ತಟ್ಟೆ ಹೊರಬಂದವು. ಕಳ್ಳಿಯನ್ನು ನೋಡುವಂತೆ ನೋಡಿದ. ನೀನಿದ್ದಿದ್ದರೆ ಅವನ ಗ್ರಹಚಾರ ಬಿಡಿಸುತ್ತಿದ್ದೆ.

ಕೊನೆಗೆ, ನೀನು ತೀರಿಕೊಂಡು ಐದು ತಿಂಗಳಾಯಿತೆಂದು ಹೇಳಿದೆ. ಅವನ ದನಿ ಇಳಿಯಿತು. "ಹೋಗ್ಲಿ ಬಿಡಿ, ಒಬ್ರು ಅಂತ ತಿದ್ದಿ" ಎಂದು ಪೆನ್ನು ಕೊಟ್ಟ. ನನಗೆ ಕೈ ಬರಲಿಲ್ಲ, ಅವನೇ ತಿದ್ದಿದ.

ಹೋದ ಬೇಸಿಗೆಯಲ್ಲಿ ನೀನು ಅದೇ ಕಾಡಿಗೆ ಕರೆದಾಗ, ಟೆಂಟಿನ ಜಿಪ್ ಕೆಟ್ಟಿದೆ ಎಂದಿದ್ದೆನಲ್ಲ? ಈ ಸಲ ಅದೇ ಟೆಂಟ್ ಒಯ್ದಿದ್ದೆ. ಜಿಪ್ ಚೆನ್ನಾಗಿಯೇ ಇದೆ, ಅಕ್ಕಾ. ಅವತ್ತೂ ಚೆನ್ನಾಗಿಯೇ ಇತ್ತು.