ಸಾಕು ಅನ್ನುವವರಿಲ್ಲದ ಅಳು

ನರಿನ್,
ಸೆಪ್ಟೆಂಬರ್ ೧೨, ಮಂಗಳವಾರ

ನನ್ನ ಮುದ್ದು ಕುಂದುಸ್,

ತಣ್ಣಗಿರು ಮಗಳೇ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಕಾಗದ. ಇದನ್ನಾದರೂ ನೀನು ಮಧ್ಯದಲ್ಲಿ ಕಟ್ ಮಾಡಲಾರೆ ಅಂದುಕೊಂಡಿದ್ದೇನೆ.

ಮುಂದಿನ ಶನಿವಾರ ನಿನ್ನ ಅಪ್ಪ ತೀರಿಕೊಂಡ ವರ್ಷದ ಊಟ. ಅಡುಗೆಗೆ ಕೊಯ್ಯುವ ಕುದುರೆ ಗೊತ್ತಾಗಿದೆ, ಬೋರ್ಸೊಕ್ ರೊಟ್ಟಿ ಕರಿಯಲು ಕೇರಿಯ ಹೆಂಗಸರೆಲ್ಲ ಬರುತ್ತಾರೆ. ಅವತ್ತು ಹಿರಿಯರು ನನ್ನ ತಲೆಯ ಕರಿ ವಸ್ತ್ರ ಬಿಚ್ಚಿ ಬಿಳಿಯದು ಕಟ್ಟಬೇಕು. ಆಮೇಲೆ ನಾನು ಅಪ್ಪನಿಗಾಗಿ ಹಾಡಿಕೊಂಡು ಅಳುವ ಹಾಗಿಲ್ಲ. ಆದರೆ ನೀನು ಇಲ್ಲಿನ ಮ್ಯೂಸಿಯಮ್ಮಿಗೆ ಮಾಡಿಕೊಟ್ಟಿರುವ ಆ ಕೋಣೆಯಲ್ಲಿ ನಾನು ಅಳುತ್ತಲೇ ಇರುತ್ತೇನಲ್ಲ.

ನೆರೆಮನೆ ಗುಲ್ಸುನ್ ಜೊತೆ ಒಂದೇ ಒಂದು ಸಲ ಹೋಗಿದ್ದೆ. ಗುಡಾರ ನಿಜ, ನೆಲದ ಕಂಬಳಿ ನಿಜ. ಅಲ್ಲಿ ಕೊಡುವ ಕನ್ನಡಕ ಹಾಕಿಕೊಂಡರೆ ಮಾತ್ರ, ಗೋಡೆಗೆ ಮುಖಮಾಡಿ ಕೂತ ಹೆಂಗಸೊಬ್ಬಳು ಕಾಣುತ್ತಾಳೆ. ಬೆನ್ನು ಯಾರದೋ, ದನಿ ನನ್ನದು. ಅಪ್ಪನ ಹೆಸರು ಹಿಡಿದು ನಾನು ಅತ್ತದ್ದೆಲ್ಲ ಹಾಗೇ ಇದೆ. ನನ್ನನ್ನು ಒಂದು ಮಾತೂ ಕೇಳಲಿಲ್ಲ ನೀನು. ಗುಲ್ಸುನ್ ಬಾಯಿ ನಿನಗೆ ಗೊತ್ತೇ ಇದೆ. "ಏನೇ ಕಲಿಪಾ, ಎಲ್ರ ಗಂಡಂದಿರೂ ಒಂದೇ ಸಲ ಸಾಯೋದು. ನಿನ್ ಗಂಡ ಗಂಟೆಗೆ ನಾಲ್ಕು ಸಲ ಸಾಯ್ತಾನಲ್ಲೇ" ಅಂದಳು. ನನಗೂ ನಗು ಬಂತು. ಮನೆಗೆ ಬಂದು ಎರಡು ದಿನ ಊಟ ಸೇರಲಿಲ್ಲ.

ನಮ್ಮಲ್ಲಿ ಸಾವಿನ ಗುಡಾರದ ಒಳಗೆ ಬಂದವರು ಅಳುವವಳನ್ನು ತಬ್ಬಿಕೊಂಡು, ಜೊತೆಗೆ ಅತ್ತು, ಸಾಕು ಕಣೆ ಅನ್ನಬೇಕು. ಅವರು ಅನ್ನುವವರೆಗೆ ಅವಳು ನಿಲ್ಲಿಸುವಂತಿಲ್ಲ. ಮ್ಯೂಸಿಯಮ್ಮಿಗೆ ಬರುವವರು ಆ ಹೆಂಗಸಿನ ಭುಜ ಮುಟ್ಟಲು ಹೋಗಿ, ಕೈ ಆಚೆ ದಾಟಿತೆಂದು ನಗುತ್ತಾರೆ. ನಾನು ತಬ್ಬಿಕೊಳ್ಳಲು ಹೋಗಿ ಮುಗ್ಗರಿಸಿದೆ. ಬಾಗಿಲು ಕಾಯುವ ಎಮಿಲ್ ಬಂದು ಹಿಡಿದುಕೊಂಡ. "ಅಜ್ಜಿ, ಅಲ್ಲಿ ಯಾರೂ ಇಲ್ಲ" ಅಂದ.

ಅಪ್ಪ ತೀರಿಕೊಂಡಾಗ ಗುಡಾರದಲ್ಲಿ ನನ್ನ ಮುಖ ಗೋಡೆಗಿತ್ತು ನಿಜ. ಆದರೆ ಬೆನ್ನ ಮೇಲೆ ಬಿದ್ದ ಪ್ರತಿ ಕೈಯೂ ಯಾರದೆಂದು ನನಗೆ ಗೊತ್ತು. ನಿನ್ನದು ಬರಲಿಲ್ಲ. ನೀನು ಬಾಗಿಲಲ್ಲಿ ಫೋನ್ ಹಿಡಿದುಕೊಂಡು ನನ್ನ ಅಳು ರೆಕಾರ್ಡ್ ಮಾಡುತ್ತಾ ನಿಂತಿದ್ದೆ. ವರ್ಷವಿಡೀ ನಾನು ಕೇಳದೆ ನುಂಗಿಕೊಂಡಿದ್ದೆ, ಈಗ ಕೇಳುತ್ತಿದ್ದೇನೆ. ಅಪ್ಪನ ಹೆಣ ಮನೆಯಲ್ಲಿದ್ದಾಗಲೂ ನಿನಗೆ ಕೆಲಸವೇ ಇತ್ತೇನೇ?

ಶನಿವಾರದೊಳಗೆ ಅದನ್ನು ನಿಲ್ಲಿಸಿಬಿಡು. ತಾಯಿ ಮಗಳ ಕಾಲು ಹಿಡಿಯಬಾರದು, ಆದರೂ ಹಿಡಿಯುತ್ತೇನೆ. ಆ ದನಿ ಅಲ್ಲಿ ಅಳುತ್ತಿರುವಾಗ ನಾನು ಯಾವ ಮುಖದಿಂದ ಬಿಳಿ ವಸ್ತ್ರ ಕಟ್ಟಿಸಿಕೊಳ್ಳಲಿ? ನನ್ನ ಕೈಲಿ ಇನ್ನು ಆಗುವುದಿಲ್ಲ.

ನಿನ್ನ ಅಮ್ಮ,
ಕಲಿಪಾ

ಮರೆತ ಮಾತು: ಒಂದೇ ಸಲ ಹೋಗಿದ್ದೆ ಅಂದದ್ದು ಸುಳ್ಳು. ದಿನಾ ಹೋಗುತ್ತೇನೆ, ಎಮಿಲ್ ಈಗೀಗ ಟಿಕೆಟ್ಟೂ ಕೇಳುವುದಿಲ್ಲ. ಆ ರೆಕಾರ್ಡಿನಲ್ಲಿ ನಾನು ಉಸಿರೆಳೆದುಕೊಳ್ಳಲು ನಿಲ್ಲಿಸುವ ಕಡೆ, ಫೋನಿಗೆ ತೀರ ಹತ್ತಿರದಲ್ಲಿ, ಯಾರೋ ಬಾಯಿಗೆ ತೋಳು ಒತ್ತಿಕೊಂಡು ಬಿಕ್ಕುತ್ತಾರೆ. ಚಿಕ್ಕವಳಿದ್ದಾಗಿನಿಂದ ನೀನು ಅಳುವುದೇ ಹಾಗೆ. ಅದೊಂದನ್ನು ಕೇಳಿಸಿಕೊಳ್ಳಲು ಹೋಗುತ್ತೇನೆ. ನೀನಿರುವ ಊರಲ್ಲಿ ಕೂತಲ್ಲಿಂದಲೇ ಆರಿಸಿಬಿಟ್ಟರೆ ಅದೂ ಹೋಗುತ್ತದೆ. ಹಾಗೆ ಮಾಡಬೇಡ, ನೀನೇ ಬಂದು ಆರಿಸು. ನಿನಗೂ ಇನ್ನೂ ಯಾರೂ ಸಾಕು ಅಂದಿಲ್ಲ.