ನಾಲ್ಕನೇ ವ್ಯೂ ಪಾಯಿಂಟ್

4 ನವೆಂಬರ್ 2006, ಶನಿವಾರ

ಮತ್ತೆ ಅದೇ ಬೆಟ್ಟ. ಬೆಳಿಗ್ಗೆ ಆರಕ್ಕೆ ಅಲ್ ಖುವೈರ್ ಆಫೀಸು ಬಿಟ್ಟು ಒಂಬತ್ತಕ್ಕೆ ತಲುಪಿದ್ದು. ನಿಜ್ವಾ ದಾಟಿ ಮೇಲೆ ಹತ್ತಿದರೆ ಸಿಗುವ ಮಣ್ಣಿನ ಊರು. ಆರುನೂರು ವರ್ಷದ್ದಂತೆ. ಮೆಟ್ಟಿಲೋ ಮೆಟ್ಟಿಲು... ಒಂದರಂತೆ ಇನ್ನೊಂದಿಲ್ಲ. ಒಂದು ಗೇಣೆತ್ತರ, ಮುಂದಿನದು ಮೊಣಕಾಲೆತ್ತರ. ಟೇಪು ಹಿಡಿದರೆ ಗೋಡೆಯೇ ಸೊಟ್ಟ. ಹದಿನೆಂಟು ವರ್ಷ ಡ್ರಾಫ್ಟ್ಸ್‌ಮನ್ ಆಗಿ ದುಡಿದಿದ್ದೇನೆ, ಒಂದೇ ಒಂದು ನೇರ ಗೆರೆ ಸಿಗದ ಊರು ಇದೇ ಮೊದಲು.

ಪ್ರಾಜೆಕ್ಟಿನ ಹೆಸರು ಸೆಲ್ಫ್ ಗೈಡೆಡ್ ವಾಕ್. ಗೈಡ್ ಬೇಡ. ಟೂರಿಸ್ಟಿನ ಕೈಗೆ ಒಂದು ನಕ್ಷೆ, ಗೋಡೆಗಳ ಮೇಲೆ ಹಳದಿ ಬಾಣ, ನಡುನಡುವೆ ನಿಂತು ನೋಡಲು ವ್ಯೂ ಪಾಯಿಂಟ್. ಏಳು ಬೇಕಂತೆ. ಆರು ಸಾಲದು. ಕೋಆರ್ಡಿನೇಟರ್ ಅಲೋಶಿಯಸ್ ಪ್ರಪೋಸಲ್‌ನಲ್ಲಿ ಏಳು ಎಂದು ಬರೆದುಬಿಟ್ಟಿದ್ದಾರೆ. ಬರೆಯುವಾಗ ಅವರು ಈ ಊರಿನ ಮುಖವನ್ನೂ ನೋಡಿರಲಿಲ್ಲ.

ಇದು ಸರಿಯಾಗಿ ಮುಗಿದರೆ ನನಗೆ ಫ್ಯಾಮಿಲಿ ಸ್ಟೇಟಸ್. ಮ್ಯಾನೇಜರ್ ಸಾಹೇಬರ ಬಾಯಲ್ಲೇ ಬಂದ ಮಾತು. ಹೆಂಡತಿ ಲಲಿತಾ, ಮಗಳು ಸಿಂಚನಾ ಇಬ್ಬರೂ ಮಂಡ್ಯದಿಂದ ಈ ಅರಬ್ಬಿ ನಾಡಿಗೆ ಬರಬಹುದು. ಹನ್ನೊಂದು ವರ್ಷ ಒಬ್ಬನೇ ಅನ್ನ ಬೇಯಿಸಿಕೊಂಡದ್ದು ಸಾಕು. ಅದಕ್ಕೇ ಬಾಯಿ ಮುಚ್ಚಿಕೊಂಡು ಹತ್ತುತ್ತಿದ್ದೇನೆ.

7 ನವೆಂಬರ್, ಮಂಗಳವಾರ

ನಾಲ್ಕನೆಯದು ಸಿಕ್ಕಿತು. ಇಷ್ಟು ದಿನದಲ್ಲಿ ಮೊದಲ ಸಲ ಬೈಯದೆ ಕೆಲಸ ಮಾಡಿದೆ.

ಊರಿನ ಮೇಲ್ತುದಿಯಲ್ಲಿ ಒಂದು ಬಿದ್ದ ಮನೆ. ಮೆಟ್ಟಿಲು ಗಟ್ಟಿಯಾಗಿದೆ, ಮಾಳಿಗೆಯೂ ಇದೆ, ಕಣಿವೆ ಕಡೆಯ ಗೋಡೆ ಮಾತ್ರ ಕುಸಿದಿದೆ. ಆ ಕಂಡಿಯಲ್ಲಿ ನಿಂತರೆ ಎಲ್ಲವೂ ಕಾಣುತ್ತದೆ. ಖರ್ಜೂರದ ತೋಪು, ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗದ್ದೆ, ಆಚೆ ಬೋಳು ಬೆಟ್ಟ. ನೇರ ಕೆಳಗೆ ಫಲಜ್, ಅಂದರೆ ಬೆಟ್ಟದ ನೀರು ಹರಿಯುವ ಕಾಲುವೆ. ಅದರ ಮೇಲೆ ಚಾವಣಿ ಇಲ್ಲದ ನಾಲ್ಕು ಗೋಡೆ, ಒಳಗೆ ಕಲ್ಲುಚಪ್ಪಡಿ. ಒಂದು ನರಪಿಳ್ಳೆ ಇಲ್ಲ. ಸರ್ವೆ ಶೀಟಿನಲ್ಲಿ ಬರೆದೆ — ಪಾಳು ಕಟ್ಟೆ, ಬಳಕೆಯಲ್ಲಿಲ್ಲ.

ಫೋಟೋ ತೆಗೆದೆ. ಚೆನ್ನಾಗಿ ಬಂದಿದೆ ಎಂದು ನಾನೇ ಹೇಳಿಕೊಳ್ಳುತ್ತೇನೆ, ಬೇರೆ ಯಾರೂ ಹೇಳುವವರಿಲ್ಲ. ಇನ್ನೊಂದು ಗಂಟೆ ಕೂರಬಹುದಿತ್ತು. ಐದಕ್ಕೆ ಗಾಡಿ ಆಫೀಸಿನಲ್ಲಿ ಇರಬೇಕೆಂದು ಅಲೋಶಿಯಸ್ ಅಪ್ಪಣೆ. ಯಾವತ್ತೂ ಒಂದೂವರೆಗೆ ಇಳಿಯಲೇಬೇಕು.

10 ನವೆಂಬರ್, ಶುಕ್ರವಾರ

ಲಲಿತಾಗೆ ವಾರದ ಫೋನು. ಕಾರ್ಡಿನ ಅರ್ಧ ಕಿಟಕಿಗೇ ಹೋಯಿತು. ಪಕ್ಕದ ಸೈಟಿನವರು ಎರಡನೇ ಮಹಡಿ ಎತ್ತಿದ್ದಾರಂತೆ. ಅವರ ಮೆಟ್ಟಿಲ ಕಿಟಕಿ ನೆಟ್ಟಗೆ ನಮ್ಮ ಹಿತ್ತಲಿಗೆ. ನಮ್ಮ ಬಚ್ಚಲು ಇರುವುದು ಹಿತ್ತಲ ಮೂಲೆಯಲ್ಲಿ, ಸ್ನಾನ ಮಾಡಿ ಮನೆಯೊಳಗೆ ಬರಲು ಹಿತ್ತಲು ದಾಟಬೇಕು. ಮೇಸ್ತ್ರಿ, ಗಾರೆಯವರು, ಬಾಡಿಗೆಗೆ ಬಂದ ಹುಡುಗರು — ಹೊತ್ತಿಗೊಬ್ಬರು ಅಲ್ಲಿ ನಿಂತಿರುತ್ತಾರಂತೆ.

ಒಂದು ಹಳೇ ಸೀರೆ ಕಟ್ಟು ಎಂದೆ.

"ಎಲ್ಲಿಗ್ ಕಟ್ಲಿ, ಆಕಾಶಕ್ಕಾ?" ಅಂದಳು.

ಬೆಟ್ಟ ಹತ್ತಿ ಮಂಡಿ ಬಾತುಕೊಂಡಿದೆ, ಅದನ್ನು ಕೇಳುವವರಿಲ್ಲ.

14 ನವೆಂಬರ್, ಮಂಗಳವಾರ

ಹಳದಿ ಬಾಣ ಬರೆಯುವುದೂ ನನ್ನ ತಲೆಗೇ. ಪೇಂಟರ್ ರಜೆ ಹಾಕಿ ಊರಿಗೆ ಹೋದನಂತೆ. ಶನಿವಾರ ಮೂವತ್ತೊಂದು ಬಾಣ ಬರೆದು ಬಂದಿದ್ದೆ. ಇವತ್ತು ಎಣಿಸಿದರೆ ಇಪ್ಪತ್ತೊಂಬತ್ತು. ನಾಲ್ಕನೇ ಪಾಯಿಂಟಿಗೆ ತಿರುಗುವ ಎರಡೂ ಬಾಣ ಮಾಯ. ಅಳಿಸಿದ್ದಲ್ಲ, ಮೇಲೆ ಮಣ್ಣು ಮೆತ್ತಿದ್ದಾರೆ. ನುಣ್ಣಗೆ, ಹುಲ್ಲು ಕಲಸಿದ ಮಣ್ಣು.

ಮತ್ತೆ ಬರೆದೆ. ಅಲೋಶಿಯಸ್‌ಗೆ ಹೇಳಿದರೆ, ಮೇಕೆ ನೆಕ್ಕಿರಬೇಕು ಎಂದರು. ಮೇಕೆ ನೆಕ್ಕುತ್ತದೆ, ಒಪ್ಪಿದೆ. ಗಾರೆ ಕೆಲಸ ಮಾಡುತ್ತದೆಯೇ?

17 ನವೆಂಬರ್, ಶುಕ್ರವಾರ

ಫೋನು. ಕಿಟಕಿ. ಇಲ್ಲಿ ಕೂತು ನಾನೇನು ಮಾಡಲಿ, ಅವರ ಮನೆ ಕಿಟಕಿ ಕಿತ್ತು ಹಾಕಲು ನನಗೆ ಅಧಿಕಾರ ಇದೆಯೇ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. ಬೇರೆ ಮಾತಿಗೆ ಹೊರಳಿದಳು. ಸಿಂಚನಾ ಫೋನಿಗೆ ಬರಲಿಲ್ಲ, ಓದುತ್ತಿದ್ದಾಳಂತೆ. ಎಸೆಸೆಲ್ಸಿ.

21 ನವೆಂಬರ್, ಮಂಗಳವಾರ

ಶನಿವಾರವೂ ಬಾಣ ಮಾಯ, ಇವತ್ತು ಮೂರನೇ ಸಲ! ಈ ಬಾರಿ ಆಯಿಲ್ ಪೇಂಟ್, ಎರಡು ಕೋಟ್. ಯಾವನೇ ಆಗಲಿ, ಕೈಗೆ ಸಿಕ್ಕರೆ ಅವನಿಗಿದೆ.

ಆ ಓಣಿಯ ಬಾಯಲ್ಲಿ ಒಬ್ಬ ಮುದುಕಿ ಕೂತಿರುತ್ತಾಳೆ. ಆಮಿನಾ ಎಂದು ಹೆಸರು, ಕೆಳಗಿನ ಅಂಗಡಿಯವನು ಹೇಳಿದ. ಊರಿನವರೆಲ್ಲ ಇಪ್ಪತ್ತು ವರ್ಷದ ಹಿಂದೆಯೇ ಕೆಳಗೆ ಸಿಮೆಂಟು ಮನೆ ಕಟ್ಟಿಕೊಂಡು ಇಳಿದಿದ್ದಾರೆ. ಈಕೆ ಒಬ್ಬಳು ಮೇಲೇ ಉಳಿದಿದ್ದಾಳೆ. ಬಾಣ ತೋರಿಸಿ, ಇದನ್ನು ಅಳಿಸಿದ್ದು ಯಾರು ಎಂದು ನನ್ನ ಹರಕು ಅರಬ್ಬಿಯಲ್ಲಿ ಕೇಳಿದೆ. ನನ್ನ ಮುಖ ನೋಡಿದಳು, ಬಾಣ ನೋಡಿದಳು. ಒಂದು ಖರ್ಜೂರ ಕೊಟ್ಟಳು. ತಿಂದು ಬಂದೆ.

24 ನವೆಂಬರ್, ಶುಕ್ರವಾರ

ಫೋನು. ಈ ಸಲ ಕಿಟಕಿ ಮಾತು ಎತ್ತಲಿಲ್ಲ. ಸದ್ಯ.

26 ನವೆಂಬರ್, ಭಾನುವಾರ

ಲೀಫ್ಲೆಟ್ ಪ್ರಿಂಟಾಗಿ ಬಂತು, ಐದು ಡಬ್ಬ. ಮುಖಪುಟಕ್ಕೆ ನನ್ನದೇ ಫೋಟೋ, ನಾಲ್ಕನೇ ಪಾಯಿಂಟಿನದು. ಅಡಿಯಲ್ಲಿ ಇಂಗ್ಲಿಷಿನಲ್ಲಿ ಏನೇನೋ — ಪಾಳುಬಿದ್ದ ಕಟ್ಟೆ, ಶತಮಾನಗಳ ಮೌನ, ಸೌಂದರ್ಯ. ನನ್ನ ಶೀಟಿನ ಎರಡು ಪದಕ್ಕೆ ಎಷ್ಟು ಒಗ್ಗರಣೆ. ನನ್ನ ಹೆಸರು ಮಾತ್ರ ಹಾಕಿಲ್ಲ. ಓಪನಿಂಗ್ ಡಿಸೆಂಬರ್ 14. ಫ್ಯಾಮಿಲಿ ಸ್ಟೇಟಸ್ ಲೆಟರ್ ಟೈಪಾಗಿ ಸಾಹೇಬರ ಟೇಬಲ್ ಮೇಲಿದೆ, ಸಹಿಯೊಂದು ಬಾಕಿ. ಅಲ್ ಮವಾಲೇಹ್‌ನಲ್ಲಿ ಎರಡು ಕೋಣೆಯ ಮನೆ ನೋಡಿ ಬಂದೆ. ಅಡುಗೆಮನೆಗೆ ಬೆಳಕು ಚೆನ್ನಾಗಿದೆ.

28 ನವೆಂಬರ್, ಮಂಗಳವಾರ

ಇವತ್ತು ಬರೆಯುವುದಿಲ್ಲ.

29 ನವೆಂಬರ್, ಬುಧವಾರ, ಬೆಳಿಗ್ಗೆ

ಬರೆದೇ ಬಿಡುತ್ತೇನೆ.

ನಿನ್ನೆ ಒಂದು ಗಂಟೆಗೆ ಗಾಡಿಯ ಫ್ಯಾನ್ ಬೆಲ್ಟ್ ಹರಿಯಿತು. ನಿಜ್ವಾದಿಂದ ಮೆಕ್ಯಾನಿಕ್ ಬರುವಾಗ ಐದು ಗಂಟೆಯಾಗುತ್ತದೆ ಎಂದರು. ಡ್ರೈವರ್ ಸೀಟಿನಲ್ಲೇ ಮಲಗಿದ. ಮಾಡಲು ಕೆಲಸವಿಲ್ಲ, ತಲೆ ಕೆಟ್ಟು ಹೋಗಿತ್ತು. ಬಾಣ ಮತ್ತೆ ಮಾಯವಾಗಿತ್ತು, ನಾಲ್ಕನೇ ಸಲ. ಪೇಂಟ್ ಡಬ್ಬ ಹಿಡಿದು ಮೂರೂವರೆಗೆ ಮೇಲೆ ಹತ್ತಿದೆ. ಅಸರ್, ಅಂದರೆ ಮಧ್ಯಾಹ್ನದ ಮೇಲಿನ ನಮಾಜು, ಮುಗಿದಿತ್ತು. ಆ ಹೊತ್ತಿನಲ್ಲಿ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು.

ಮಾಳಿಗೆ ಮೇಲೆ ನಿಂತಾಗ ಕೆಳಗಿನಿಂದ ನಗು ಕೇಳಿಸಿತು. ಬಗ್ಗಿ ನೋಡಿದೆ.

ಪಾಳು ಕಟ್ಟೆ ತುಂಬ ಹೆಂಗಸರು. ಎಂಟೋ ಹತ್ತೋ. ಕಂಬಳಿ ತುಳಿದು ಒಗೆಯುತ್ತಿದ್ದರು. ಇಬ್ಬರು ನೀರಿನಲ್ಲಿ ಕೂತು ಸ್ನಾನ ಮಾಡುತ್ತಿದ್ದರು. ಬಿಚ್ಚಿದ ತಲೆ, ಒದ್ದೆ ಬಟ್ಟೆ. ಸಿಂಚನಾ ವಯಸ್ಸಿನ ಒಬ್ಬಳು ಕೂದಲು ಹಿಂಡುತ್ತಾ ಕತ್ತೆತ್ತಿದಳು. ನನ್ನನ್ನು ಕಂಡಳು.

ಯಾರೂ ಕಿರುಚಲಿಲ್ಲ. ನಗು ನಿಂತಿತು, ಅಷ್ಟೆ. ಕೈಗೆ ಸಿಕ್ಕಿದ್ದನ್ನು ಸುತ್ತಿಕೊಂಡು ಒಬ್ಬೊಬ್ಬರೇ ಗೋಡೆಗೆ ಒತ್ತಿ ನಿಂತರು. ಎರಡು ಕ್ಷಣ ಇರಬೇಕು, ಆ ಎರಡು ಕ್ಷಣ ನಾನು ನೋಡುತ್ತಲೇ ಇದ್ದೆ. ನಾಚಿಕೆಯಾಗುತ್ತದೆ ಬರೆಯಲು.

ಇಳಿದು ಬಂದರೆ ಮೆಟ್ಟಿಲ ಬುಡದಲ್ಲಿ ಆಮಿನಾ. ಬಕೆಟ್ಟಿನಲ್ಲಿ ಮಣ್ಣು, ಮೊಣಕೈವರೆಗೂ ಮಣ್ಣು. ಬೈಯಲಿಲ್ಲ. "ಶುಫ್ತ್?" ಅಂದಳು. ನೋಡಿದೆಯಾ ಎಂದು. ಹೂಂ ಎಂದೆ.

ಕೂರಿಸಿ ಕಾಫಿ ಕೊಟ್ಟಳು, ಖರ್ಜೂರ ಕೊಟ್ಟಳು. ಮನೆ ಬಾಗಿಲಿಗೆ ಬಂದವನಿಗೆ ಕೊಡಬೇಕಲ್ಲ, ಅದಕ್ಕೆ. ಬೈದಿದ್ದರೆ ಸಲೀಸಾಗಿ ಇಳಿದು ಬರುತ್ತಿದ್ದೆ. ನಿಧಾನವಾಗಿ, ನನಗೆ ತಿಳಿಯುವಷ್ಟು ಹೇಳಿದಳು. ಬೆಳಿಗ್ಗೆ ಕಟ್ಟೆ ಗಂಡಸರದು, ಅವರು ತೋಟಕ್ಕೆ ಹೋಗುವಾಗಲೇ ಮುಗಿಸುತ್ತಾರೆ. ಅಸರ್ ಆದ ಮೇಲೆ ಹೆಂಗಸರದು. ಕೆಳಗೆ ನಲ್ಲಿ ಇದ್ದರೂ ಬರುವುದು ಇಲ್ಲಿಗೇ. ಈ ಇಡೀ ಊರಿನಲ್ಲಿ ಒಂದು ಕಿಟಕಿಯೂ ಕಟ್ಟೆಯ ಕಡೆಗಿಲ್ಲ, ಹಾಗೆ ನೋಡಿಕೊಂಡೇ ಕಟ್ಟಿದ್ದು. ಬಿದ್ದ ಮನೆ ಅವಳ ಅಣ್ಣನದು. ಹೋದ ಮಳೆಗೆ ಗೋಡೆ ಹೋಯಿತು. ನನ್ನ ವ್ಯೂ ಪಾಯಿಂಟ್ ಅಂದರೆ ಆ ಹೋದ ಗೋಡೆ.

ಆಮೇಲೆ ಹೇಳಿದಳು: ಜನ ಹತ್ತಲು ಶುರು ಮಾಡಿದರೆ ನಾವು ಬೆಳಗಿನ ನಮಾಜಿಗೂ ಮುಂಚೆ ಬರುತ್ತೇವೆ, ಕತ್ತಲಲ್ಲಿ. ಹುಡುಗಿಯರಿಗೆ ಹೇಳಿ ಆಗಿದೆ.

ಇಪ್ಪತ್ತು ಸಲ ಹೋಗಿದ್ದೇನೆ ಆ ಬೆಟ್ಟಕ್ಕೆ. ಇಪ್ಪತ್ತು ಸಲವೂ ಒಂಬತ್ತರಿಂದ ಒಂದೂವರೆ. ಬಳಕೆಯಲ್ಲಿಲ್ಲ ಎಂದು ಬರೆದ ಕೈಗೆ ಏನು ಹೇಳುವುದು.

2 ಡಿಸೆಂಬರ್, ಶನಿವಾರ

ಅಲೋಶಿಯಸ್‌ಗೆ ಎಲ್ಲ ಹೇಳಿದೆ. ಕುರ್ಚಿಯಿಂದ ಎದ್ದು ಬಾಗಿಲು ಹಾಕಿದರು.

"ನೀವು ಎಂತ ಮಾರಾಯ್ರೆ, ಓಪನಿಂಗಿಗೆ ಹನ್ನೆರಡು ದಿವಸ ಉಂಟು. ಅಲ್ಲಿ ಒಂದು ಬೋರ್ಡ್ ಹಾಕುವ, ಫೋಟೋ ತೆಗೀಬೇಡಿ ಅಂತ."

ಬೋರ್ಡ್ ಹಾಕಿದರೆ ಬಂದವರು ಕಣ್ಣು ಮುಚ್ಚಿಕೊಳ್ಳುತ್ತಾರೆಯೇ ಎಂದೆ. ಮುಖಪುಟದಲ್ಲೇ ಆ ಕಟ್ಟೆ ಇದೆ ಎಂದೆ.

ಅವರು ಕೆಟ್ಟವರಲ್ಲ. ಪಾಳು ಎಂದು ಬರೆದವರು ಯಾರೆಂದು ಸಾಹೇಬರು ಕೇಳಿಯೇ ಕೇಳುತ್ತಾರೆ, ನಿಮ್ಮ ಲೆಟರ್ ಅವರ ಟೇಬಲ್ ಮೇಲೆ ಉಂಟು, ನೆನಪಿರಲಿ ಎಂದರು. ಸಹಿ ಆಗುವವರೆಗೆ ಒಂದು ವಾರ ಸುಮ್ಮನಿರಿ, ಆಮೇಲೆ ನಾನೇ ಹೇಳುತ್ತೇನೆ ಎಂದೂ ಹೇಳಿದರು. ಒಂದು ವಾರ ತಾನೇ... ಮನಸ್ಸು ಹೂಂ ಎಂದಿತು, ಸುಳ್ಳೇಕೆ. ಅಲ್ ಮವಾಲೇಹ್‌ನ ಆ ಅಡುಗೆಮನೆ ಕಣ್ಣ ಮುಂದೆಯೇ ಇತ್ತು.

4 ಡಿಸೆಂಬರ್, ಸೋಮವಾರ

ಹೇಳಿಬಿಟ್ಟೆ. ಸರ್ವೆ ಶೀಟಿನ ಮೇಲೆ ಕೆಂಪು ಇಂಕಿನಲ್ಲಿ ಗೀಟು ಹಾಕಿ, ಕಟ್ಟೆ ದಿನವೂ ಬಳಕೆಯಲ್ಲಿದೆ, ತಪ್ಪು ನನ್ನದು ಎಂದು ಬರೆದು ಸಹಿ ಮಾಡಿ ಸಾಹೇಬರ ಮುಂದಿಟ್ಟೆ. ಎರಡು ಸಲ ಓದಿದರು. ಹನ್ನೊಂದು ವರ್ಷ ಸರ್ವೀಸು ಆದವನು ಮಾಡುವ ತಪ್ಪೇ ಇದು ಎಂದು ಕೇಳಿದರು.

ನಾಲ್ಕನೇ ಪಾಯಿಂಟ್ ರದ್ದು, ಲೀಫ್ಲೆಟ್ ಐದೂ ಡಬ್ಬ ರದ್ದು. ಓಪನಿಂಗ್ ಮುಂದಕ್ಕೆ. ಹೊಸ ನಂಬರು ಬರೆಯಲು ಪುರುಸೊತ್ತಿಲ್ಲವಂತೆ, ಮೂರು ಆದ ಮೇಲೆ ನೇರ ಐದು. ಬಂದವರು ನಾಲ್ಕು ಎಲ್ಲಿ ಎಂದು ಹುಡುಕಿಕೊಂಡಿರಲಿ.

5 ಡಿಸೆಂಬರ್, ಮಂಗಳವಾರ

ಲೆಟರ್ ಹರಿದಿಲ್ಲ, ಫೈಲಿಗೆ ಹೋಗಿದೆ. ಮುಂದಿನ ವರ್ಷ ನೋಡೋಣ ಎಂದರು. ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ. ಡ್ರೈವರ್ ಮೇಲೆ ಕೂಗಾಡಿದೆ, ಪಾಪ.

8 ಡಿಸೆಂಬರ್, ಶುಕ್ರವಾರ, ಸಂಜೆ ಏಳು

ರಜೆಯ ದಿನ ಆ ಬೆಟ್ಟ ಹತ್ತುವ ಹುಚ್ಚ ನಾನೊಬ್ಬನೇ ಇರಬೇಕು. ಶೇರ್ ಟ್ಯಾಕ್ಸಿ ಹಿಡಿದು ಹೋದೆ. ಆಮಿನಾ ಮಣ್ಣು ಕಲಸಿ ಇಟ್ಟಿದ್ದಳು, ನಾನು ಬರುತ್ತೇನೆಂದು ಯಾರೂ ಹೇಳಿರಲಿಲ್ಲ. ಬಿದ್ದ ಕಲ್ಲುಗಳನ್ನೇ ಆಯ್ದು ಗೋಡೆ ಎತ್ತಿದೆವು. ಎತ್ತಿದ್ದು ನಾನು, ತಪ್ಪು ಹಿಡಿದದ್ದು ಅವಳು. ಹುಲ್ಲು ಸಾಲದು. ಕಲ್ಲು ಉಲ್ಟಾ. ನಾನಿಟ್ಟದ್ದನ್ನು ಎರಡು ಸಲ ಕಿತ್ತು ಹಾಕಿದಳು. ಹದಿನೆಂಟು ವರ್ಷ ಗೋಡೆ ಬರೆದವನಿಗೆ ಒಂದು ಗೋಡೆ ಕಟ್ಟಲು ಬಾರದು. ಅಂಗೈ ಕಿತ್ತು ಬಂದಿದೆ, ಪೆನ್ನು ಹಿಡಿಯಲು ಕಷ್ಟ. ಮೂರು ಗಂಟೆಗೆ ಗೋಡೆ ನನ್ನ ತಲೆ ದಾಟಿತು. ಬೆಟ್ಟ ಹೋಯಿತು, ತೋಪು ಹೋಯಿತು, ಕಟ್ಟೆಯೂ ಹೋಯಿತು. ಅವಳು ತನ್ನ ಮಣ್ಣು ಕೈಯಿಂದಲೇ ನನ್ನ ತೋಳು ತಟ್ಟಿ, "ಖಲಾಸ್" ಅಂದಳು.

ಕೆಳಗೆ ಟ್ಯಾಕ್ಸಿಗೆ ಕಾಯುತ್ತಾ ಮನೆಗೆ ಫೋನು ಮಾಡಿದೆ. ಕಂಬಳಿ ಗಂಟು ಹೊತ್ತ ಹೆಂಗಸರು ಮಾತಾಡಿಕೊಂಡು ಹಾದುಹೋದರು. ನಾನು ರಸ್ತೆ ಕಡೆ ತಿರುಗಿ ನಿಂತೆ.

ಈ ವರ್ಷ ಫ್ಯಾಮಿಲಿ ಸ್ಟೇಟಸ್ ಇಲ್ಲ ಎಂದು ಲಲಿತಾಗೆ ಹೇಳಿದೆ. "ಹೋಗ್ಲಿ ಬಿಡಿ" ಅಂದಳು. ಮೊದಲ ಸಲ ನಾನಾಗಿಯೇ ಕೇಳಿದೆ, ಆ ಕಿಟಕಿ ಏನಾಯಿತು ಎಂದು.

"ಈಗೇನ್ ತೊಂದ್ರೆ ಇಲ್ಲ ಕಣ್ರೀ. ನಾಲ್ಕ್ ಗಂಟೆಗೇ ಎದ್ದು ಸ್ನಾನ, ಬಟ್ಟೆ ಎಲ್ಲಾ ಮುಗಿಸ್ಕೋತೀವಿ. ಕತ್ಲಲ್ಲಿ ಯಾರಿಗ್ ಕಾಣುತ್ತೆ?"

ಸಿಂಚನಾನೂ ಏಳುತ್ತಾಳಾ ಎಂದೆ.

"ಅವ್ಳೇ ಮೊದ್ಲು ಏಳೋದು."

ಎಷ್ಟು ದಿನದಿಂದ ಎಂದು ಕೇಳಿದೆ. ಮೂರು ವಾರ ಆಯಿತಂತೆ. ಮೂರು ವಾರದ ಹಿಂದೆ ನಾನು ಜೋರು ಮಾಡಿದ್ದೆ. ಈಗ ಪುಟ ತಿರುವಿ ನೋಡಿದೆ. ಅದರ ಮುಂದಿನ ಶುಕ್ರವಾರ — ಸದ್ಯ, ಎಂದು ಬರೆದಿದ್ದೇನೆ.

ನಾಳೆ ರಜೆಗೆ ಅರ್ಜಿ ಹಾಕುತ್ತೇನೆ. ಕೊಡದಿದ್ದರೂ ಹೋಗುತ್ತೇನೆ. ಹಿತ್ತಲಿಗೆ ಗೋಡೆ, ಮೇಲೆ ಶೀಟು. ಈ ಪುಟದ ಕೆಳಗೇ ಸ್ಕೆಚ್ ಶುರು ಮಾಡಿದೆ. ಬಚ್ಚಲಿಂದ ಅಡುಗೆಮನೆ ಬಾಗಿಲಿಗೆ ಹನ್ನೆರಡು ಅಡಿ, ಅದು ನೆನಪಿದೆ. ಗೋಡೆಯ ಎತ್ತರ ಬರೆಯಬೇಕು. ಲಲಿತಾ ಐದಡಿ ಒಂದು ಇಂಚು. ಸಿಂಚನಾ ಈಗ ಅವಳಮ್ಮನನ್ನು ಮೀರಿರಬೇಕು. ಹೋದ ಸಲ ಹೋದಾಗ ನನ್ನ ಭುಜದ ಹತ್ತಿರ... ಅದೂ ಎರಡು ವರ್ಷ ಆಯಿತು. ಈಗ ಅವಳು ಎಷ್ಟೆತ್ತರ...